ಬಿಸಿಲುನಾಡಿಗೆ ಬೇಕು ತಂಪು ಚಾವಣಿಯ ಕಾನೂನು

ಏಪ್ರಿಲ್ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆಂದು ಸರ್ಕಾರ ಬೇಸಿಗೆಯಲ್ಲಿ ಹೊರಡಿಸುತ್ತ ಬಂದಿರುವ ಆದೇಶವಿದು. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಮಧ್ಯಾಹ್ನದ ಮೇಲೆ ಕೂತು ಕೆಲಸ ಮಾಡುವುದು ಕಷ್ಟವೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ ಆ ಕಚೇರಿಗಳನ್ನು ಕಟ್ಟುವ ಕ್ರಮ ಬದಲಾಗಿಲ್ಲ. ಬೆಂಗಳೂರಿನ ಹವೆಗೆ ಒಗ್ಗುವ ಕಟ್ಟಡವೇ ರಾಯಚೂರು ಜಿಲ್ಲೆಯಲ್ಲೂ ಏಳುತ್ತಿದೆ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳು ಬಿಸಿಲನ್ನು ಅರಿತು ಕಟ್ಟಿದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಗಟ್ಟಿಸಿ ಹಾಸಿದ ಮಣ್ಣು. ಮಳೆಗಾಲ ಬರುವ ಮೊದಲೇ ಸವಳು ಮಣ್ಣು ಏರಿಸಿ ಮಾಳಿಗೆ ಸರಿಪಡಿಸಬೇಕಿತ್ತು. ನಡುಮನೆಯ ಗವಾಕ್ಷಿಯಿಂದ ಬೆಳಕು ಇಳಿಯುತ್ತಿತ್ತು, ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಸೋರುವ ಕಾಟ, ವರ್ಷವರ್ಷದ ದುರಸ್ತಿ, ಆಳುಗಳ ಕೊರತೆಯಿಂದ ಜನ ಅದನ್ನು ಬಿಟ್ಟರು. ಅದರಲ್ಲಿ ಅವರ ತಪ್ಪಿಲ್ಲ.

ಅದರ ಜಾಗಕ್ಕೆ ಬಂದ ಆರ್‌ಸಿಸಿ ಚಾವಣಿ ಸೋರುವುದಿಲ್ಲ, ಸುಡುತ್ತದೆ. ಐದಾರು ಇಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾದ ಮೇಲೆ ಆ ಕಾವನ್ನು ಕೋಣೆಗೆ ಇಳಿಸುತ್ತದೆ. ರಾತ್ರಿ ಹತ್ತಾದರೂ ಫ್ಯಾನು ಬೀಸುವುದು ಬಿಸಿಗಾಳಿಯನ್ನೇ. ಸಂಜೆ ಮಾಳಿಗೆಗೆ ನೀರು ಸುರಿದು ಮೇಲೆಯೇ ಚಾಪೆ ಹಾಸುವವರಿದ್ದಾರೆ; ಉಳ್ಳವರು ಎಸಿ ಹಾಕಿಸುತ್ತಾರೆ. ತಗಡಿನ ಶೆಡ್ಡಿನಲ್ಲಿ ಇರುವವರಿಗೆ ಎರಡೂ ಇಲ್ಲ. ಮುಖ್ಯರಸ್ತೆಯ ಹೊಸ ಅಂಗಡಿ ಸಂಕೀರ್ಣಗಳೋ, ಪಡುವಣ ಬಿಸಿಲಿಗೆ ನೇರವಾಗಿ ಗಾಜಿನ ಗೋಡೆ ಒಡ್ಡಿ ಒಳಗೆ ದಿನವಿಡೀ ಎಸಿ ಓಡಿಸುತ್ತವೆ. 1,720 ಮೆಗಾವಾಟ್ ಸಾಮರ್ಥ್ಯದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಇದೇ ಜಿಲ್ಲೆಯಲ್ಲಿದೆ. ಅಲ್ಲಿ ಕಲ್ಲಿದ್ದಲು ಸುಟ್ಟು ತೆಗೆದ ವಿದ್ಯುತ್ತನ್ನು ಕೆಟ್ಟ ಚಾವಣಿಗಳ ಕಾವು ಇಳಿಸಲು ಖರ್ಚು ಮಾಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಕಾನೂನು ಇಲ್ಲವೆಂದಲ್ಲ. ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. ಮನೆಗಳಿಗಾಗಿ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಬಂತು. ಚಾವಣಿಯ ಮೂಲಕ ಎಷ್ಟು ಶಾಖ ಒಳಗಿಳಿಯಬಹುದು ಎಂಬುದಕ್ಕೂ ಅದರಲ್ಲಿ ಮಿತಿಯಿದೆ. ಬರೀ ಆರ್‌ಸಿಸಿ ಚಾವಣಿ ಆ ಮಿತಿಯ ಎರಡು ಮೂರು ಪಟ್ಟು ಶಾಖ ಬಿಟ್ಟುಕೊಳ್ಳುತ್ತದೆ.

ತೊಡಕಿರುವುದು ಈ ಸಂಹಿತೆಗಳು ಯಾರಿಗೆ ಅನ್ವಯಿಸುತ್ತವೆ ಎಂಬಲ್ಲಿ. ವಾಣಿಜ್ಯ ಸಂಹಿತೆ ಅನ್ವಯವಾಗಲು 100 ಕಿಲೋವಾಟ್ ವಿದ್ಯುತ್ ಹೊರೆ ಇರಬೇಕು. ಅಂದರೆ ಐವತ್ತು ಅರವತ್ತು ಎಸಿ ಒಟ್ಟಿಗೆ ಓಡುವಷ್ಟು. ಸಿಂಧನೂರಿನ ಬಟ್ಟೆ ಅಂಗಡಿಯಾಗಲಿ ಮಸ್ಕಿಯ ನರ್ಸಿಂಗ್ ಹೋಮಾಗಲಿ ಆ ಮಟ್ಟಕ್ಕೆ ಏರುವುದು ಅಪರೂಪ. ಮನೆಯ ಸಂಹಿತೆ ಬಂದದ್ದು 500 ಚದರ ಮೀಟರ್ ಮೇಲ್ಪಟ್ಟ ನಿವೇಶನಗಳಿಗೆ. ನಮ್ಮ ಊರುಗಳ 30-40 ಸೈಟು 112 ಚದರ ಮೀಟರ್ ಕೂಡ ಆಗದು. ಮಹಾನಗರದ ಅಳತೆಯಲ್ಲಿ ಹೊಲಿದ ಕಾನೂನು ತಾಲ್ಲೂಕು ಕೇಂದ್ರಗಳ ಮೈಗೆ ಕೂರುವುದಾದರೂ ಹೇಗೆ?

ದಾರಿ ಮುಚ್ಚಿಲ್ಲ. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ಈ ಹೊರೆಯ ಮಿತಿಯನ್ನು ಇಳಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ನೆರೆಯ ತೆಲಂಗಾಣ ಬೇರೆ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. 2023ರಲ್ಲಿ ಅದು ತಂದ ತಂಪು ಚಾವಣಿ ನೀತಿಯ ಪ್ರಕಾರ ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳು ಎಷ್ಟೇ ಚಿಕ್ಕವಿರಲಿ, ಬಿಸಿಲು ಮರಳಿಸುವ ಚಾವಣಿ ಹಾಕಿಸಲೇಬೇಕು. ಮನೆಗಳಿಗಾದರೆ 600 ಚದರ ಗಜದ ಮೇಲಿನ ನಿವೇಶನಗಳಲ್ಲಿ ಕಡ್ಡಾಯ. ಕೃಷ್ಣೆಯ ಆಚೆಗೂ ಈಚೆಗೂ ಬಿಸಿಲು ಒಂದೇ. ಅಲ್ಲಿ ಆದದ್ದು ಇಲ್ಲೇಕೆ ಆಗದು?

ದುಬಾರಿ ಎಂಬ ಮಾತು ಬರುತ್ತದೆ. ಚಾವಣಿಗೆ ಸುಣ್ಣ ಅಥವಾ ಬಿಳಿ ಲೇಪನ ಬಳಿಯುವುದು, ಒಡೆದ ಬಿಳಿ ಟೈಲ್ಸ್ ಹಾಸುವುದು, ಕಿಟಕಿಗೆ ಅಗಲವಾದ ಸಜ್ಜಾ ಇಳಿಸುವುದು, ಪಡುವಣ ಗೋಡೆಗೆ ಗಾಜು ಬೇಡವೆನ್ನುವುದು ಇವ್ಯಾವುವೂ ಮನೆ ಕಟ್ಟುವವರ ಬೆನ್ನು ಮುರಿಯುವ ಖರ್ಚಲ್ಲ. ಸುಣ್ಣ ಮಾಸುತ್ತದೆ, ಮತ್ತೆ ಬಳಿಯಬೇಕು. ಹಳೆಯ ಮಾಳಿಗೆಗೆ ಮಣ್ಣು ಏರಿಸುವುದಕ್ಕಿಂತ ಅದು ಸುಲಭ.

ಬಡವರ ಸಣ್ಣ ಮನೆಗೆ ದಂಡದ ಭಯ ಬೇಡ, ಅಲ್ಲಿಗೆ ಸಹಾಯಧನ ಹೋಗಲಿ. ಚಾವಣಿಯ ಮೇಲೆ ವಿದ್ಯುತ್ ತೆಗೆಯಲು ಸೂರ್ಯಘರ್ ಯೋಜನೆಯಲ್ಲಿ ₹78,000ದವರೆಗೆ ಕೊಡುವ ಸರ್ಕಾರಕ್ಕೆ ಬಿಳಿ ಬಣ್ಣದ ಖರ್ಚು ಹೊರೆಯಲ್ಲ. ಕಡ್ಡಾಯ ಮೊದಲು ಸರ್ಕಾರಕ್ಕೇ ಆಗಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳು ವರ್ಷಕ್ಕೆ ₹5,000 ಕೋಟಿ ಘೋಷಿಸಿವೆ. ಆ ಹಣದಲ್ಲಿ ಏಳುವ ಶಾಲಾ ಕೋಣೆ, ಅಂಗನವಾಡಿ, ಆಸ್ಪತ್ರೆಗಳ ಅಂದಾಜುಪಟ್ಟಿಯಲ್ಲಿ ತಂಪು ಚಾವಣಿಗೂ ಒಂದು ಸಾಲು ಇರಲಿ. ಸಿಂಧನೂರು ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿ ಪುರಸಭೆಗಳ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲೇ ಇದನ್ನು ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಲಿ. ಮಾರ್ಚ್ ತಿಂಗಳೊಳಗೆ ತಮ್ಮ ಕಚೇರಿಗಳ ಚಾವಣಿಗೆ ಬಿಳಿ ಬಳಿಸಲಿ.