ಲಾವಣಿ ಹೊಲದ ಕಾಣದ ಬಂಡವಾಳ

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಅಂಗಡಿಯ ಖಾತೆ-ಕಿರ್ದಿಗಳೂ ಹೊಲದ ಉತಾರಗಳೂ ಒಂದೇ ತಿಜೋರಿಯಲ್ಲಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಎರೆ ಹೊಲ. ರಾಯದುರ್ಗ, ಮಡಕಶಿರಾ ಕಡೆ ಕೆಂಪು ಮಸಾರಿ. ಹಿರಿಯರು ವ್ಯಾಪಾರದಲ್ಲಿ ಉಳಿಸಿದ ಹಣದಿಂದ ಕೊಂಡದ್ದು. ಈಗ ಅಣ್ಣತಮ್ಮಂದಿರ ಪಾಲಿಗೆ ಹತ್ತೋ ಹದಿನೈದೋ ಎಕರೆಯಾಗಿ ಬಂದದ್ದು. ಅಂಗಡಿ ಬಿಟ್ಟು ಹೊಲಕ್ಕೆ ಹೋಗಲು ಬಿಡುವಿಲ್ಲದ ಕಾರಣ ಯುಗಾದಿಯ ಸುಮಾರಿಗೆ ಯಾರಿಗಾದರೂ ಒಂದು ವರ್ಷದ ಲಾವಣಿಗೆ ಕೊಟ್ಟು, ರೊಕ್ಕ ಎಣಿಸಿಕೊಂಡರೆ ಹೊಲದ ವಿಚಾರ ಮುಗಿಯಿತು. ಮರುವರ್ಷ ಹೆಚ್ಚು ಹಣ ಕೊಡುವ ಮತ್ತೊಬ್ಬರು ಬಂದರೆ ಅವರಿಗೆ.

ದೀಪಾವಳಿ ಬಂದರೆ ಅಂಗಡಿಯ ಮಾಲು ಎಷ್ಟು, ಉದ್ರಿ ಎಷ್ಟು, ಬಂಡವಾಳ ಎಷ್ಟು ಎಂದು ಲೆಕ್ಕ ನೋಡುತ್ತೇವೆ. ಹೊಲದ ಬಂಡವಾಳ ಎಷ್ಟು ಉಳಿದಿದೆ ಎಂದು ಕೇಳುವವರು ಕಡಿಮೆ. ಎಕರೆ ಕಡಿಮೆಯಾಗಿಲ್ಲವಲ್ಲ, ಬಂಡವಾಳ ಹೇಗೆ ಕಡಿಮೆಯಾದೀತು ಎಂಬುದು ಸಾಮಾನ್ಯ ಮಾತು. ಈ ತಿಂಗಳ ಅಂಕಣದಲ್ಲಿ ಆ ಮಾತನ್ನೇ ಸ್ವಲ್ಪ ತೂಗಿ ನೋಡೋಣ.

ಮಣ್ಣಿನೊಳಗಿನ ಸಂಸಾರ

ಹೊಲದ ಬಂಡವಾಳ ಎಂದರೆ ಎಕರೆಯ ಲೆಕ್ಕವಲ್ಲ, ಮೇಲಿನ ಗೇಣುದ್ದ ಮಣ್ಣಿನಲ್ಲಿರುವ ಜೀವರಾಶಿ. ಒಳ್ಳೆಯ ಹೊಲದ ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳ ಜೊತೆಗೆ ದಾರಕ್ಕಿಂತ ಸಣ್ಣ ಎಳೆಗಳ ಶಿಲೀಂಧ್ರಗಳು, ಎರೆಹುಳು, ಇನ್ನೂ ಹೆಸರು ತಿಳಿಯದ ಅನೇಕ ಜೀವಿಗಳು. ಉದುರಿದ ಎಲೆ, ಕೂಳೆ, ಸಗಣಿಗಳನ್ನು ಕರಗಿಸಿ ಬೆಳೆಗೆ ಆಹಾರವಾಗುವಂತೆ ಮಾಡುವುದು ಇವುಗಳ ಕೆಲಸ.

ಇವುಗಳಲ್ಲಿ ಎರಡು ಬಳಗಗಳ ಪರಿಚಯ ನಮಗೆ ಇರಬೇಕು. ಒಂದು, ತೊಗರಿ, ಕಡಲೆ, ಹೆಸರು, ಉದ್ದು ಮೊದಲಾದ ದ್ವಿದಳ ಬೆಳೆಗಳ ಬೇರಿನ ಗಂಟಿನಲ್ಲಿ ವಾಸಿಸುವ ರೈಜೋಬಿಯಂ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಈ ಕೆಲಸವನ್ನು ಜರ್ಮನಿಯ ಹೆಲ್‌ರೀಗಲ್ 1886ರಲ್ಲಿ ಲೋಕಕ್ಕೆ ತಿಳಿಸಿದರು. ಎರಡು ವರ್ಷಗಳ ನಂತರ ಹಾಲೆಂಡಿನ ಬೈಜೆರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ಎರಡು, ಬೇರಿಗೆ ಅಂಟಿಕೊಂಡು ಬದುಕುವ ಮೈಕೊರೈಜಾ ಎಂಬ ಶಿಲೀಂಧ್ರ. ಬೇರು ಮುಟ್ಟಲಾರದ ಕಡೆಗೂ ಇದರ ಎಳೆ ಚಾಚುತ್ತದೆ. ಅಲ್ಲಿಂದ ರಂಜಕ, ಸತುವುಗಳನ್ನು ತಂದು ಬೇರಿಗೆ ಕೊಟ್ಟು, ಪ್ರತಿಯಾಗಿ ಗಿಡದ ಸಕ್ಕರೆಯಲ್ಲಿ ಪಾಲು ಪಡೆಯುತ್ತದೆ. ಎರಡೂ ಕಡೆ ಲಾಭವಿರುವ ಒಳ್ಳೆಯ ಪಾಲುದಾರಿಕೆ. ಇದೇ ಎಳೆಗಳು ಮಣ್ಣಿನ ಕಣಗಳನ್ನು ಹಿಡಿದು ಸಣ್ಣ ಹರಳುಗಳಾಗಿ ಕಟ್ಟುತ್ತವೆ. ಅಂಥ ಮಣ್ಣಿನಲ್ಲಿ ಮಳೆಯ ನೀರು ಹರಿದು ಹೋಗದೆ ಇಂಗುತ್ತದೆ.

ಉಳುಮೆ ಎಂಬ ಖರ್ಚು

ಆಳವಾಗಿ ಉತ್ತ ಮೊದಲ ವರ್ಷ ಬೆಳೆ ಕಪ್ಪಗೆ ಹುಲುಸಾಗಿ ಬರುವುದನ್ನು ರೈತರೆಲ್ಲ ಕಂಡಿದ್ದಾರೆ. ಅದಕ್ಕೆ ಕಾರಣವಿದೆ. ಮಣ್ಣು ಮಗುಚಿದಾಗ ಒಳಗೆ ಗಾಳಿ ನುಗ್ಗುತ್ತದೆ. ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿ, ಹರಳುಗಳೊಳಗೆ ಭದ್ರವಾಗಿದ್ದ ಸಾವಯವ ಅಂಶವನ್ನು ಅವಸರದಿಂದ ತಿಂದು ಮುಗಿಸುತ್ತವೆ. ಸಾರಜನಕ ಹೊರಬಿದ್ದು ಬೆಳೆಗೆ ಸಿಗುತ್ತದೆ, ಇಂಗಾಲ ಗಾಳಿಗೆ ಹೋಗುತ್ತದೆ. ವ್ಯಾಪಾರಿಗಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕೆಂದರೆ, ಇದು ಬಡ್ಡಿಯಲ್ಲ, ಅಸಲನ್ನೇ ಮುರಿದು ತಂದ ರೊಕ್ಕ. ಒಂದು ವರ್ಷ ಕೈತುಂಬಾ ಕಾಣುತ್ತದೆ. ಪ್ರತಿ ವರ್ಷ ಹೀಗೇ ಮುರಿದು, ಸಗಣಿಗೊಬ್ಬರವನ್ನೋ ಎಲೆಗೊಬ್ಬರವನ್ನೋ ಜಮಾ ಮಾಡದಿದ್ದರೆ ಖಾತೆ ಬರಿದಾಗುತ್ತದೆ.

ಶಿಲೀಂಧ್ರಗಳಿಗೆ ಪೆಟ್ಟು ಇನ್ನೂ ಜೋರು. ಬ್ಯಾಕ್ಟೀರಿಯಾಗಳು ಬೇಗ ಚೇತರಿಸಿಕೊಳ್ಳುತ್ತವೆ, ಆದರೆ ತುಂಡಾದ ಎಳೆಗಳ ಬಲೆ ಮತ್ತೆ ಹೆಣೆಯಲು ಕಾಲ ಬೇಕು. ರಂಟೆ, ಕುಂಟೆಗಳ ಕಾಲದಲ್ಲಿ ಎತ್ತುಗಳ ಶಕ್ತಿಯೇ ಉಳುಮೆಗೆ ಮಿತಿಯಾಗಿತ್ತು. ಟ್ರ್ಯಾಕ್ಟರಿನ ಪಲ್ಟಿ ನೇಗಿಲು, ರೋಟಾವೇಟರುಗಳಿಗೆ ಆ ಮಿತಿಯಿಲ್ಲ. ರೋಟಾವೇಟರು ಹೊಡೆದ ಹೊಲ ಜರಡಿ ಹಿಡಿದ ಹಿಟ್ಟಿನಂತೆ ಕಂಡು ಮನಸ್ಸಿಗೆ ಸಂತೋಷ ಕೊಡಬಹುದು. ಒಂದು ಜೋರು ಮಳೆಗೆ ಆ ಹಿಟ್ಟು ಹೆಪ್ಪುಗಟ್ಟಿ ನೀರನ್ನು ಒಳಗೆ ಬಿಡುವುದಿಲ್ಲ.

ಹಾಗೆಂದು ಉಳುಮೆಯೇ ಬೇಡ ಎಂಬ ವಾದವನ್ನೂ ನಾವು ಹೂಡುವುದಿಲ್ಲ. ಕರಿಕೆ ಹಬ್ಬಿದ ಹೊಲಕ್ಕೆ ಆಳದ ಉಳುಮೆ ಬೇಕಾಗುತ್ತದೆ. ಹುಳದ ಕೋಶಗಳನ್ನು ಬಿಸಿಲಿಗೆ ತರಲು ಮಾಗಿ ಉಳುಮೆ ಮಾಡುವವರಿಗೂ ಅವರದೇ ಕಾರಣವಿದೆ. ಉಳುಮೆ ಬಿಟ್ಟು ಕಳೆನಾಶಕದ ಮೇಲೆಯೇ ನಿಂತರೆ ಅದರ ಖರ್ಚೂ ತೊಂದರೆಯೂ ಬೇರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಲದ ಉಳುಮೆ ಅಗತ್ಯಕ್ಕೋ, ವಾಡಿಕೆಗೋ?

ಬೆಳೆ ಬದಲಾವಣೆ ಎಂಬ ಜಮೆ

ಒಂದೇ ಬೆಳೆಯನ್ನು ಒಂದೇ ಹೊಲದಲ್ಲಿ ಮತ್ತೆ ಮತ್ತೆ ಹಾಕಿದರೆ ಆ ಬೆಳೆಯ ಬೇರನ್ನು ತಿಂದು ಬದುಕುವ ರೋಗಾಣುಗಳಿಗೆ ಪ್ರತಿ ವರ್ಷ ಊಟ ಸಿದ್ಧ. ತೊಗರಿಯ ನೆಟೆ ರೋಗ, ಕಡಲೆಯ ಸಿಡಿ ರೋಗ ಎರಡಕ್ಕೂ ಕಾರಣ ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರದ ಬೇರೆ ಬೇರೆ ತಳಿಗಳು. ತೊಗರಿಯದು ಬೆಳೆಯ ಉಳಿಕೆಯಲ್ಲಿ ಸುಮಾರು 3 ವರ್ಷ, ಕಡಲೆಯದು ಬೆಳೆಯೇ ಇಲ್ಲದಿದ್ದರೂ 6 ವರ್ಷದವರೆಗೆ ಮಣ್ಣಿನಲ್ಲಿ ಉಳಿಯಬಲ್ಲದು. ತೊಗರಿಯ ಸಾಲುಗಳ ನಡುವೆ ಜೋಳ ಹಾಕಿದರೆ, ಅಥವಾ ಒಂದು ವರ್ಷ ತೊಗರಿ ಬಿಟ್ಟು ಜೋಳ ಬಿತ್ತಿದರೆ ನೆಟೆ ಕಡಿಮೆಯಾಗುತ್ತದೆ. ಕಡಲೆಗೆ ಬೆಳೆ ಬದಲಾವಣೆಯೊಂದೇ ಸಾಲದು. ರೋಗ ತಡೆಯುವ ತಳಿಯೂ ಟ್ರೈಕೋಡರ್ಮಾದಿಂದ ಬೀಜೋಪಚಾರವೂ ಬೇಕು. ದಾಲ್ ಮಿಲ್ ನಡೆಸುವ ನಮ್ಮ ಬಂಧುಗಳಿಗೆ ಇದು ದೂರದ ಮಾತಲ್ಲ. ಹೊಲದಲ್ಲಿ ಒಣಗಿದ ತೊಗರಿ ಪೇಟೆಗೆ ಬರುವುದಿಲ್ಲ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೋಧಿ ಬೆಳೆಯುತ್ತಿರುವ ಒಂದು ಹೊಲವಿದೆ. 1968ರಲ್ಲಿ ಅದರ ಕೆಲವು ಭಾಗಗಳಲ್ಲಿ ಬೆಳೆ ಬದಲಾವಣೆ ಆರಂಭಿಸಿದರು. ಬೇರೆ ಬೆಳೆಯ ನಂತರ ಬಂದ ಗೋಧಿ, ಗೋಧಿಯ ಮೇಲೆ ಗೋಧಿ ಹಾಕಿದ ಭಾಗಕ್ಕಿಂತ ಹೆಚ್ಚು ಇಳುವರಿ ಕೊಟ್ಟಿತು. ಗೋಧಿಯ ಬೇರನ್ನು ಕೊಳೆಯಿಸುವ ಮಣ್ಣಿನ ಶಿಲೀಂಧ್ರಕ್ಕೆ ಆಹಾರ ತಪ್ಪಿದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಹೊಲ ಬರಿದೇ ಬಿಡುವುದೂ ಜಮೆಯಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ನಮ್ಮಂಥದೇ ಎರೆ ಭೂಮಿಯಿದೆ. ಅಲ್ಲಿ ತೇವ ಉಳಿಸಲೆಂದು ವರ್ಷಕ್ಕೂ ಹೆಚ್ಚು ಕಾಲ ಬೀಳು ಬಿಟ್ಟು ಬಿತ್ತಿದ ಬೆಳೆ ಕುಂಟುತ್ತಿತ್ತು. ಬೇರು ಸಿಗದೆ ಮೈಕೊರೈಜಾ ಕ್ಷೀಣಿಸಿದ್ದೇ ಕಾರಣವೆಂದು 1980ರ ದಶಕದಲ್ಲಿ ತೋರಿಸಲಾಯಿತು. ಸಾಸಿವೆ, ಕೋಸು ಜಾತಿಯ ಬೆಳೆಗಳೂ ಈ ಶಿಲೀಂಧ್ರಕ್ಕೆ ಆಶ್ರಯ ಕೊಡುವುದಿಲ್ಲ.

ದ್ವಿದಳವೆಂದ ಮಾತ್ರಕ್ಕೆ ಎಲ್ಲವೂ ಜಮೆಯೆಂದು ತಿಳಿಯಬಾರದು. ರಾಯದುರ್ಗದ ಕಡೆಯ ಶೇಂಗಾ ನೋಡಿ. ಅದೂ ದ್ವಿದಳವೇ. ಆದರೆ ಬೇರುಸಹಿತ ಕಿತ್ತು, ಕಾಯಿ ಪೇಟೆಗೆ, ಬಳ್ಳಿ ದನಗಳಿಗೆ ಹೋದರೆ ಹೊಲಕ್ಕೆ ಉಳಿಯುವುದು ಅಲ್ಪ. ಕಾಳಿಗೆ ಅಫ್ಲಾಟಾಕ್ಸಿನ್ ವಿಷ ತರುವ ಬೂಷ್ಟು ವಾಸಿಸುವುದೂ ಮಣ್ಣಿನಲ್ಲೇ. ಶೇಂಗಾದ ಮೇಲೆ ಶೇಂಗಾ ಹಾಕುವ ಬದಲು ಸಾಲಿಗೊಂದು ತೊಗರಿ ಅಕ್ಕಡಿ, ಮರುವರ್ಷ ಸಜ್ಜೆಯೋ ಜೋಳವೋ ಬಂದರೆ ಮಣ್ಣಿಗೂ ಹಿತ, ಮಾಲಿಗೂ ಹಿತ. ತೊಗರಿಯಂತೂ ನಿಂತಲ್ಲೇ ಎಲೆ ಉದುರಿಸಿ ಹೊಲದ ಸಾಲ ಹೊಲದಲ್ಲೇ ತೀರಿಸುತ್ತದೆ.

ಪಟಾನ್‌ಚೆರುವಿನ ಸಾಕ್ಷಿ

ಪಶ್ಚಿಮ ತೆಲಂಗಾಣದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯಿದೆ. ಅಲ್ಲಿನ ಎರೆ ಭೂಮಿಯಲ್ಲಿ 1976ರಲ್ಲಿ ಒಂದು ದೀರ್ಘಕಾಲದ ಪ್ರಯೋಗ ಆರಂಭವಾಯಿತು. ಒಂದು ಹೊಲದಲ್ಲಿ ಹಳೆಯ ರೂಢಿ: ಮುಂಗಾರಿಯಲ್ಲಿ ಖಾಲಿ ಬಿಟ್ಟು, ಹಿಂಗಾರಿಯಲ್ಲಿ ಉಳಿದ ತೇವದ ಮೇಲೆ ಜೋಳ ಅಥವಾ ಕಡಲೆ. ಸೊಲ್ಲಾಪುರದ ಕಡೆಯ ಹಿಂಗಾರಿ ಪದ್ಧತಿಯೂ ಬಹುಮಟ್ಟಿಗೆ ಇದೇ. ಇನ್ನೊಂದು ಹೊಲದಲ್ಲಿ ಅಗಲ ಮಡಿ ಮತ್ತು ಕಾಲುವೆ ಮಾಡಿ, ಮುಂಗಾರಿಯಲ್ಲೇ ಜೋಳದ ನಡುವೆ ತೊಗರಿ ಹಾಕುವಂಥ ದ್ವಿದಳ ಸೇರಿದ ಪದ್ಧತಿ, ಸುಧಾರಿಸಿದ ಬೀಜ, ಅಳತೆಯ ಗೊಬ್ಬರ. ದಶಕಗಳ ಸರಾಸರಿಯಲ್ಲಿ ಹಳೆಯ ಪದ್ಧತಿಯ ಹೊಲ ಹೆಕ್ಟೇರಿಗೆ ಸುಮಾರು 1 ಟನ್ ಕಾಳು ಕೊಟ್ಟರೆ, ಹೊಸ ಪದ್ಧತಿಯದು ಸುಮಾರು 5 ಟನ್ ಕೊಟ್ಟಿತು. ಎರಡನೆಯ ಹೊಲದ ಮಣ್ಣಿನಲ್ಲಿ ಸಾವಯವ ಇಂಗಾಲವೂ ಸೂಕ್ಷ್ಮಜೀವಿಗಳ ಪ್ರಮಾಣವೂ ಹೆಚ್ಚಿದ್ದವು.

ಇಷ್ಟೆಲ್ಲ ಬೆಳೆ ಬದಲಾವಣೆಯೊಂದರಿಂದಲೇ ಬಂದದ್ದಲ್ಲ. ಬೀಜ, ಗೊಬ್ಬರ, ನೀರಿನ ಪಾಲೂ ಇದೆ. ಆದರೆ ಹೆಚ್ಚು ಬೆಳೆದ ಹೊಲವೇ ಹೆಚ್ಚು ಜೀವವನ್ನೂ ಉಳಿಸಿಕೊಂಡಿತು ಎಂಬುದನ್ನು ಗಮನಿಸಬೇಕು. ಲಾಭ ಮಾಡುತ್ತಲೇ ಬಂಡವಾಳ ಬೆಳೆಸಲು ಸಾಧ್ಯ.

ಶ್ರಾವಕರಿಗೆ ಹೊಸದಲ್ಲದ ಮಾತು

ಆದಿನಾಥ ಭಗವಂತರು ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆಗೆ ಕೃಷಿಯೂ ಇದೆ, ವಾಣಿಜ್ಯವೂ ಇದೆ. ಅದೇ ಪರಂಪರೆಯ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಪೃಥ್ವೀಕಾಯದ ವಿಚಾರವನ್ನು ಸೂಕ್ಷ್ಮದರ್ಶಕದಿಂದ ಸಾಬೀತು ಮಾಡಲು ನಾವು ಹೊರಟಿಲ್ಲ. ಶಾಸ್ತ್ರದ ದಾರಿ ಬೇರೆ, ಪ್ರಯೋಗಶಾಲೆಯ ದಾರಿ ಬೇರೆ. ಆದರೆ ಅಗತ್ಯದ ಕೃಷಿಗೂ ವ್ಯರ್ಥವಾಗಿ ನೆಲ ಕೆದಕುವುದಕ್ಕೂ ಅಂತರ ಕಾಣುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅದನ್ನು ಲಾವಣಿ ಹೊಲಕ್ಕೂ ಅನ್ವಯಿಸಿದರೆ ಸಾಕು.

ಲಾವಣಿ ಮಾತಿನಲ್ಲಿ ಏನಿರಬೇಕು?

ಒಂದೇ ವರ್ಷಕ್ಕೆ ಹೊಲ ಹಿಡಿದವನು ಮೂರು ವರ್ಷದ ವಿಚಾರ ಏಕೆ ಮಾಡಬೇಕು? ಈ ವರ್ಷ ಯಾವುದಕ್ಕೆ ದರವಿದೆಯೋ ಅದನ್ನೇ ಬಿತ್ತುತ್ತಾನೆ. ತಾನು ಹಾಕಿದ ತಿಪ್ಪೆಗೊಬ್ಬರದ ಫಲ ಮುಂದಿನವನಿಗೆ ಸಿಗುವುದಾದರೆ ಹಾಕುವುದಿಲ್ಲ. ಇದು ಅವನ ದೋಷವಲ್ಲ, ಲಾವಣಿಯ ದೋಷ. ಮಾಲೀಕರಿಗೂ ಅವರದೇ ಅಂಜಿಕೆಯಿದೆ. ಮಹಾರಾಷ್ಟ್ರದ ಕಡೆ 1957ರ ಏಪ್ರಿಲ್ 1ರ ಕೂಳ ಕಾಯ್ದೆಯ ದಿನವನ್ನು ಮರೆಯದ ಹಿರಿಯರು, ಒಬ್ಬನೇ ಬಹಳ ವರ್ಷ ಉತ್ತರೆ ಹಕ್ಕು ಹೇಳಿಯಾನೆಂದು ವರ್ಷವರ್ಷ ಆಳು ಬದಲಿಸುತ್ತ ಬಂದಿದ್ದಾರೆ. ಈ ಅಂಜಿಕೆಯನ್ನು ವಕೀಲರೊಡನೆ ಮಾತಾಡಿ ಬಗೆಹರಿಸಿಕೊಳ್ಳಬೇಕು. ಆದರೆ ಹೊಲ ಹಿಡಿಯುವವರು ಬದಲಾದರೂ ಬೆಳೆಯ ಸರದಿ ಬದಲಾಗದಂತೆ ನೋಡಿಕೊಳ್ಳುವುದು ಮಾಲೀಕರ ಕೈಯಲ್ಲೇ ಇದೆ. ನಮ್ಮ ಸಲಹೆ ಇಷ್ಟು.

ಒಂದು, ಮೂರು ವರ್ಷದ ಸರದಿಯನ್ನು ಬರೆದಿಡಿ. ಎರೆ ಹೊಲಕ್ಕೆ ಉದಾಹರಣೆಯಾಗಿ: ಮೊದಲ ವರ್ಷ ತೊಗರಿಯ ಜೊತೆ ಸಜ್ಜೆ ಅಥವಾ ಜೋಳ, ಎರಡನೆಯ ವರ್ಷ ಹಿಂಗಾರಿ ಬಿಳಿಜೋಳ, ಮುಂಗಾರಿ ಮಳೆ ಬೇಗ ಹಿಡಿದರೆ ಅದಕ್ಕೂ ಮುಂಚೆ ಹೆಸರು, ಮೂರನೆಯ ವರ್ಷ ಕಡಲೆಯ ಜೊತೆ ಕುಸುಬಿ. ಊರಿನ ಅನುಭವಸ್ಥ ರೈತರನ್ನು ಕೇಳಿ ಇದನ್ನು ತಿದ್ದಿಕೊಳ್ಳಿ.

ಎರಡು, ಆಳದ ಉಳುಮೆ, ರೋಟಾವೇಟರು ಪ್ರತಿ ಹಂಗಾಮಿಗೂ ಬೇಡವೆಂದು ಮೊದಲೇ ಮಾತಾಡಿ. ಕುಂಟೆ, ಎಡೆಗಳಿಂದ ಮುಗಿಯುವ ಕೆಲಸಕ್ಕೆ ಅವೇ ಸಾಕು. ಕೂಳೆಗೂ ತೊಗರಿ ಕಟ್ಟಿಗೆಗೂ ಹೊಲದಲ್ಲೇ ಬೆಂಕಿ ಇಡಬಾರದು.

ಮೂರು, ಗೊಬ್ಬರ ಹೇರಿದ ವರ್ಷ, ಸೆಣಬು ಬೆಳೆದು ಮಣ್ಣಿಗೆ ಸೇರಿಸಿದ ವರ್ಷ ಲಾವಣಿಯಲ್ಲಿ ರಿಯಾಯಿತಿ ಕೊಡಿ. ಅಂಗಡಿಗೆ ಮಾಲು ತುಂಬಲು ಹಣ ಹಾಕಿದಂತೆ ಅದೂ ಬಂಡವಾಳವೇ.

ನಾಲ್ಕು, ಬೀಜ-ಗೊಬ್ಬರದ ಅಂಗಡಿಯವರು ರೈಜೋಬಿಯಂ ಪಾಕೀಟುಗಳನ್ನು ಬಿಸಿಲಿಗೆ ಬೀಳದ ತಂಪು ಜಾಗದಲ್ಲಿಡಬೇಕು, ತಾರೀಖು ಮುಗಿದದ್ದನ್ನು ಮಾರಬಾರದು. ಒಳಗಿರುವುದು ಜೀವ, ಬಿಸಿಗೆ ಸತ್ತರೆ ಗಿರಾಕಿಗೆ ನಾವು ಮಾರಿದ್ದು ಬರೀ ಪುಡಿ. ಕಡಲೆಯ ಪಾಕೀಟು ತೊಗರಿಗೆ ನಡೆಯುವುದಿಲ್ಲ ಎಂಬುದನ್ನೂ ಹೇಳಿ ಕೊಡಬೇಕು.

ಐದು, ಲೆಕ್ಕ ನೋಡಿ. 2015ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಮಣ್ಣು ಆರೋಗ್ಯ ಪತ್ರದಲ್ಲಿ ಸಾವಯವ ಇಂಗಾಲದ ಅಂಕಿಯಿರುತ್ತದೆ. ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಹೊಲ ಬಡವಾಗಿದೆ ಎಂದರ್ಥ. ಮೂರು ವರ್ಷಕ್ಕೊಮ್ಮೆಯ ಪತ್ರಗಳನ್ನು ಉತಾರದ ಜೊತೆಗೇ ಇಡಿ. ಎಡೆ ಹೊಡೆಯುವಾಗ ಕಿತ್ತುಬಂದ ತೊಗರಿ, ಕಡಲೆ ಸಸಿಯ ಬೇರಿನ ಗಂಟನ್ನು ಸೀಳಿ ಮಕ್ಕಳಿಗೆ ತೋರಿಸಿ. ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕದ ಕೆಲಸ ನಡೆದಿದೆ, ಬಿಳಿಚಿಕೊಂಡಿದ್ದರೆ ಇಲ್ಲ.

ಹೊಲವನ್ನು ಬಿತ್ತುವವನು ಒಬ್ಬ, ಅದರ ಹೆಸರು ಹೊತ್ತವರು ಇನ್ನೊಬ್ಬರು. ಆದರೆ ಮುಂದಿನ ತಲೆಮಾರಿಗೆ ಅದನ್ನು ಒಪ್ಪಿಸಬೇಕಾದವರು ಹೆಸರು ಹೊತ್ತವರೇ. ಉತಾರದಲ್ಲಿ ಎಕರೆ ಅಷ್ಟೇ ಇದ್ದು ಮಣ್ಣಿನಲ್ಲಿ ಜೀವವಿಲ್ಲದಿದ್ದರೆ, ಖಾಲಿ ಅಂಗಡಿಯ ಬೀಗದ ಕೈ ಮಕ್ಕಳಿಗೆ ಕೊಟ್ಟ ಹಾಗಾಗುತ್ತದೆ. ಬರುವ ಯುಗಾದಿಗೆ ಲಾವಣಿಯ ಮಾತಿಗೆ ಕೂತಾಗ ರೊಕ್ಕದ ಮಾತಿಗಿಂತ ಮೊದಲು ಬೆಳೆಯ ಮಾತು ಬರಲಿ ಎಂಬುದು ನಮ್ಮ ಕೋರಿಕೆ.