ಎಂಟು ಮಜಲಿನ ಹಾದಿ

ಪ್ರತಿವರ್ಷ ಫೆಬ್ರವರಿ ತಿಂಗಳ ನಡುಭಾಗದಲ್ಲಿ, ಸಂತ ಸೇವಾಲಾಲರ ಜಯಂತಿ ಸಮೀಪಿಸುತ್ತಿದ್ದಂತೆ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದತ್ತ ಸಾಗುವ ದಾರಿಗಳು ಪಾದಚಾರಿಗಳಿಂದ ತುಂಬುತ್ತವೆ. ಸೇವಾಲಾಲರು 1739ರಲ್ಲಿ ಜನಿಸಿದರೆಂದು ನಂಬಲಾದ ಆ ನೆಲಕ್ಕೆ ಮಾಲೆ ಧರಿಸಿದ ಬಂಜಾರ ಭಕ್ತರು ದೂರದೂರದ ತಾಂಡಾಗಳಿಂದ ನಡೆದು ಬರುತ್ತಾರೆ. ಎತ್ತುಗಳ ಬೆನ್ನ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ದೇಶದ ಉದ್ದಗಲಕ್ಕೆ ಸಂಚರಿಸುತ್ತಿದ್ದವರ ಸಂತತಿ ಅದು. ಇಂದು ಇಷ್ಟು, ನಾಳೆ ಇಷ್ಟು ಎಂದು ಹಾದಿಯನ್ನು ಮಜಲುಗಳಾಗಿ ತುಂಡರಿಸಿಕೊಂಡು ನಡೆಯುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಅಂಥ ತಾಂಡಾವೊಂದರಲ್ಲಿ, ನಡೆಯಲಾರದೆ ಮನೆಯಲ್ಲೇ ಉಳಿದ ಹದಿನೈದರ ಹುಡುಗಿಯೊಬ್ಬಳನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ಅವಳಿಗೆ ಹೆಸರು ಬೇಡ. ಅವಳಂಥವರು ದಾವಣಗೆರೆಯ ಬಡಾವಣೆಗಳಲ್ಲಿಯೂ ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿಯೂ ಇದ್ದಾರೆ. ಸೊಂಟದಲ್ಲಿ ಆರಂಭವಾದ ನೋವು ಕಾಲಿಗಿಳಿದು ಆರು ತಿಂಗಳಾಗಿದೆ. ರಕ್ತ ಪರೀಕ್ಷೆಯಾಯಿತು, ಎಕ್ಸ್‌ರೇ ಆಯಿತು, ಎಲ್ಲಿಯೂ ದೋಷವಿಲ್ಲ. ಆ ವರದಿ ಕೈಗೆ ಬಂದ ದಿನದಿಂದಲೇ ಅವಳ ನಿಜವಾದ ಕಷ್ಟ ಆರಂಭವಾಯಿತು. 'ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ' ಎಂದರು ನೆರೆಯವರು. ಅಜ್ಜಿ ದೃಷ್ಟಿ ತೆಗೆದಳು. ತಾಯಿ ಗಳಿಗೆಗೊಮ್ಮೆ 'ಈಗ ಹೇಗಿದೆ?' ಎಂದು ಕೇಳತೊಡಗಿದಳು. ಎಲ್ಲರ ಮಾತಿಗೂ ಉತ್ತರ ಹೇಳಿ ಬೇಸತ್ತ ಹುಡುಗಿ ಕಡೆಗೆ ಮಾತನ್ನೇ ಬಿಟ್ಟಳು.

ಕಾಣದ ನೋವು ಸುಳ್ಳು ನೋವಲ್ಲ. ಮೂರು ತಿಂಗಳಿಗೆ ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ನೋವೆಂದು ಕರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹನ್ನೊಂದನೆಯ ವರ್ಗೀಕರಣ 2022ರಲ್ಲಿ ಜಾರಿಗೆ ಬಂದಾಗ, ಬೇರೆ ವ್ಯಾಧಿಯ ನೆರಳಾಗಿ ಅಲ್ಲದೆ, ಸ್ವತಃ ವ್ಯಾಧಿಯಾಗಿಯೇ ನೋವಿಗೆ ಅದರಲ್ಲಿ ಸ್ಥಾನ ದೊರಕಿತು. ಮೆಕ್ಕೆಜೋಳದ ಹೊಲದ ಅಟ್ಟಣೆಯ ಮೇಲೆ ಕುಳಿತ ಕಾವಲುಗಾರನ ಸಂಗತಿಯಿಂದ ಇದನ್ನು ಅರಿಯಬಹುದು. ಒಮ್ಮೆ ಹಂದಿಗಳ ಹಿಂಡು ನುಗ್ಗಿ ಹೊಲ ಹಾಳಾಯಿತೆನ್ನೋಣ. ಹಿಂಡು ಹೋಗಿ ತಿಂಗಳುಗಳಾದರೂ ಅವನು ಎಲೆ ಅಲುಗಿದರೆ ಕೂಗುತ್ತಾನೆ, ಗಾಳಿ ಬೀಸಿದರೆ ತಮಟೆ ಬಡಿಯುತ್ತಾನೆ. ಕೂಗು ನಿಜ, ಅದರಿಂದ ಊರಿನ ನಿದ್ದೆ ಕೆಡುವುದೂ ನಿಜ. ಹಂದಿ ಮಾತ್ರ ಇಲ್ಲ. ಅವನನ್ನು ಗದರಿಸಿ ಫಲವಿಲ್ಲ. ಅವನ ಎದೆಯ ಭಯವನ್ನು ಮೆಲ್ಲಮೆಲ್ಲನೆ ಇಳಿಸಬೇಕು.

(ಜ್ವರ, ಕೀಲುಗಳ ಊತ, ತೂಕದ ಇಳಿತ, ಅಂಗಗಳ ಬಲಹೀನತೆ, ನಿದ್ದೆಯಿಂದೆಬ್ಬಿಸುವ ನೋವು — ಇವು ಕಂಡುಬಂದರೆ ಹಂದಿ ಇನ್ನೂ ಹೊಲದಲ್ಲಿಯೇ ಇದ್ದೀತು. ಆಗ ಮೊದಲು ವೈದ್ಯರ ಬಳಿಗೇ ಹೋಗಬೇಕು.)

ಈ ಭಯವನ್ನು ಇಳಿಸುವ ವಿದ್ಯೆಯನ್ನು ಬಲ್ಲವರು ವಿರಳ. ಇರುವವರೂ ದೊಡ್ಡ ನಗರಗಳಲ್ಲಿ. ಆದುದರಿಂದಲೇ ಅದನ್ನು ಅಂತರಜಾಲದ ಮೂಲಕ ಮನೆಗೇ ಕಳುಹಿಸುವ ಯತ್ನ ನಡೆಯಿತು. ಅಮೆರಿಕದ ಸಿಯಾಟಲ್ ನಗರದ ಮನಶ್ಶಾಸ್ತ್ರಜ್ಞೆ ಟೋನ್ಯಾ ಪಲೆರ್ಮೊ ಮತ್ತು ಅವರ ಸಂಗಡಿಗರು ರೂಪಿಸಿದ 'ವೆಬ್‌ಮ್ಯಾಪ್' ಎಂಬ ಪಾಠಕ್ರಮ ಅಂಥವುಗಳಲ್ಲಿ ಪ್ರಸಿದ್ಧವಾದುದು. ಅದನ್ನು ಪ್ರವಾಸದಂತೆ ಹೆಣೆದಿದ್ದಾರೆ: ಭೂಪಟದ ಮೇಲೆ ಎಂಟು ತಂಗುದಾಣಗಳು, ಒಂದೊಂದರಲ್ಲಿ ಒಂದೊಂದು ವಿದ್ಯೆ. ಉಸಿರನ್ನು ನಿಧಾನಗೊಳಿಸಿ ಮೈ ಸಡಿಲಿಸುವುದು, ನಿದ್ದೆಗೆ ಹೊತ್ತು ಗೊತ್ತುಮಾಡುವುದು, 'ನನ್ನಿಂದ ಇನ್ನೇನೂ ಆಗದು' ಎಂಬ ಯೋಚನೆಯನ್ನು ಹಿಡಿದು ಪ್ರಶ್ನಿಸುವುದು, ಬಿಟ್ಟ ಕೆಲಸಗಳಿಗೆ ಸ್ವಲ್ಪಸ್ವಲ್ಪವಾಗಿ ಮರಳುವುದು. ತಾಯಿತಂದೆಯರಿಗೆ ಪ್ರತ್ಯೇಕ ಪಾಠಗಳಿವೆ. ಗಳಿಗೆಗೊಮ್ಮೆ 'ಈಗ ಹೇಗಿದೆ?' ಎಂದು ಕೇಳದಿರುವುದು ಅವುಗಳ ಸಾರದಲ್ಲೊಂದು. ಬಂಜಾರರ ಹಳೆಯ ಮಜಲುಗಳ ಜ್ಞಾನ ಸಮುದ್ರದಾಚೆ ಬೇರೊಂದು ವೇಷದಲ್ಲಿ ಹುಟ್ಟಿತೆಂದು ಯಾರಾದರೂ ನಕ್ಕರೆ ತಪ್ಪಿಲ್ಲ.

2016ರಲ್ಲಿ ಪ್ರಕಟವಾದ ಅದರ ಪರೀಕ್ಷೆಯಲ್ಲಿ 11ರಿಂದ 17 ವರ್ಷದ 273 ಮಕ್ಕಳಿದ್ದರು. ನೋವಿನ ಕುರಿತ ಮಾಹಿತಿಯನ್ನಷ್ಟೇ ಓದಿದವರಿಗಿಂತ ಈ ಪಾಠ ಕಲಿತವರಲ್ಲಿ, ಆರು ತಿಂಗಳ ಬಳಿಕ, ದಿನದ ಚಟುವಟಿಕೆಗಳಿಗಿದ್ದ ಅಡ್ಡಿ ಹೆಚ್ಚು ಕಡಿಮೆಯಾಗಿತ್ತು. ನೋವಿನ ತೀವ್ರತೆಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದನ್ನು ಮೊದಲೇ ಹೇಳದೆ ಹೋದರೆ ಮೋಸವಾಗುತ್ತದೆ. 'ನೋವು ಹೋಗುತ್ತದೆ' ಎಂಬ ಆಸೆಯಿಂದ ಆರಂಭಿಸಿದ ಮಗು ಎರಡನೆಯ ವಾರ ನೋವು ಹಾಗೆಯೇ ಇರುವುದನ್ನು ಕಂಡು ಫೋನನ್ನು ಬದಿಗಿಡುತ್ತದೆ. 'ನೋವಿದ್ದರೂ ಶಾಲೆಗೆ ಹೋಗಬಲ್ಲೆ' ಎಂಬ ಗುರಿಯಿಂದ ಹೊರಟ ಮಗುವಿಗೆ ಹಾಗೆ ನಿರಾಶೆಯಾಗದು.

ಏಕೆಂದರೆ ಈ ಚಿಕಿತ್ಸೆಯ ಶತ್ರು ಅರ್ಧದಲ್ಲಿ ಬಿಡುವುದೇ. ಅದೇ ಪಾಠಕ್ರಮವನ್ನು ಮುಂದೆ ಮೊಬೈಲಿಗೆ ಇಳಿಸಿ ನಡೆಸಿದ ಪರೀಕ್ಷೆ 2020ರಲ್ಲಿ ಪ್ರಕಟವಾಯಿತು. ಅನೇಕರು ಕೊನೆಯ ತಂಗುದಾಣವನ್ನು ಮುಟ್ಟಲಿಲ್ಲ. ಹೆಚ್ಚು ದೂರ ಸಾಗಿದವರಿಗೆ ಹೆಚ್ಚು ಗುಣ ಕಂಡಿತು. ಗುಣ ಕಂಡುದರಿಂದ ಮುಂದೆ ಸಾಗಿದರೋ, ಮುಂದೆ ಸಾಗಿದುದರಿಂದ ಗುಣ ಕಂಡಿತೋ ಎಂದು ತಾರ್ಕಿಕರು ಕೇಳಬಹುದು. ಪ್ರಾಯಶಃ ಎರಡೂ ನಿಜ. ಪಾಠವನ್ನು ಬಿಟ್ಟ ಮಗುವನ್ನು ಸೋಮಾರಿಯೆನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು: ತಲೆಯೆತ್ತಲಾರದಷ್ಟು ನೋವಿರುವ ದಿನವೇ ಪಾಠ ಓದಬೇಕಾದ ದಿನವೂ ಹೌದು.

ನಮ್ಮ ಹುಡುಗಿಗೆ ಬೇರೆ ತೊಡಕುಗಳೂ ಇವೆ. ಮನೆಯಲ್ಲಿರುವುದು ಒಂದೇ ಫೋನು. ಅದು ತಂದೆಯ ಜೇಬಿನಲ್ಲಿ ಬೆಳಿಗ್ಗೆ ಹೊರಟು ರಾತ್ರಿ ಹಿಂದಿರುಗುತ್ತದೆ. ಕಬ್ಬಿನ ಕಟಾವಿಗೋ ಕಾಫಿ ತೋಟಕ್ಕೋ ತಂದೆತಾಯಿಯರು ಗುಳೆ ಹೋದರೆ ಫೋನೂ ಗುಳೆ ಹೋಗುತ್ತದೆ. ಅವಳ ಮನೆಮಾತು ಗೋರ್ ಬೋಲಿ, ಶಾಲೆಯ ಮಾತು ಕನ್ನಡ, ಪಾಠ ಹುಟ್ಟಿದ್ದು ಇಂಗ್ಲಿಷಿನಲ್ಲಿ. 'ಚುಚ್ಚುತ್ತದೆ', 'ಸೆಳೆಯುತ್ತದೆ', 'ಜುಮ್ಮೆನ್ನುತ್ತದೆ' ಎಂಬ ಭೇದಗಳನ್ನು ಒಂದರಿಂದ ಹತ್ತರವರೆಗಿನ ಅಂಕಿಯಲ್ಲಿ ಹೇಳೆಂದರೆ ಅವಳು ಏನು ಹೇಳಿಯಾಳು? ತೆರೆದ ಪಡಸಾಲೆಯಲ್ಲಿ ಹತ್ತು ಕಿವಿಗಳ ನಡುವೆ 'ನನಗೆ ಭಯವಾಗುತ್ತದೆ' ಎಂದು ಫೋನಿನೆದುರು ನುಡಿಯುವುದಾದರೂ ಹೇಗೆ?

ನೆರವಿನ ದಾರಿಗಳು ಇಲ್ಲವೆಂದಲ್ಲ. ಮಕ್ಕಳ ದೀರ್ಘಕಾಲಿಕ ನೋವಿಗೆ ಮಾನಸಿಕ ಚಿಕಿತ್ಸೆಯನ್ನು ಎದುರಿಗೆ ಕುಳಿತೂ ನೀಡಬಹುದು, ದೂರದಿಂದಲೂ ನೀಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮೇರುಕೇಂದ್ರ. 14416 ಎಂಬ ಸಂಖ್ಯೆಗೆ ಹಗಲಿರುಳು, ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದು ನೋವಿಗೆಂದೇ ಮೀಸಲಾದ ಸೇವೆಯಲ್ಲ. ಆದರೆ ನೋವಿನ ಬೆನ್ನಿಗೆ ಬರುವ ನಿದ್ರಾಹೀನತೆಯನ್ನೂ ಕಳವಳವನ್ನೂ ಅಲ್ಲಿ ಹೇಳಿಕೊಳ್ಳಬಹುದು. ಯಂತ್ರದ ಪಾಠಕ್ಕಿಂತ ಅಲ್ಲಿ ಒಂದು ಹೆಚ್ಚಿದೆ: ಆ ಕಡೆ ಮನುಷ್ಯರಿರುತ್ತಾರೆ. ವೆಬ್‌ಮ್ಯಾಪಿನ ಮೊದಲ ಪರೀಕ್ಷೆಯಲ್ಲಿಯೂ ಮಕ್ಕಳ ಅಭ್ಯಾಸವನ್ನು ಓದಿ ಉತ್ತರ ಬರೆಯುವ ಮಾರ್ಗದರ್ಶಕರಿದ್ದರೆಂಬುದನ್ನು ಮರೆಯಬಾರದು. ತನ್ನ ಮಾತನ್ನು ಒಬ್ಬರು ಓದುತ್ತಾರೆ, ಬರೆಯದಿದ್ದರೆ 'ಏಕೆ?' ಎಂದು ಕೇಳುತ್ತಾರೆ ಎಂಬ ಅರಿವಿದ್ದರೆ ಮಗು ನಾಲ್ಕನೆಯ ವಾರವೂ ಪುಟ ತೆರೆದೀತು. ಆ ಒಬ್ಬರು ಶಾಲೆಯ ಶಿಕ್ಷಕಿಯಾಗಬಹುದು, ಆಶಾ ಕಾರ್ಯಕರ್ತೆಯಾಗಬಹುದು, ಪಿಯುಸಿ ಓದುವ ಅಕ್ಕನೂ ಆಗಬಹುದು.

ತಂದೆ ರಾತ್ರಿ ಎಂಟಕ್ಕೆ ಬಂದು ಫೋನನ್ನು ಚಾರ್ಜಿಗೆ ಹಚ್ಚುತ್ತಾನೆ. ಆ ಅರ್ಧ ಗಂಟೆ ಹುಡುಗಿಯದೆಂದು ಮನೆಯಲ್ಲಿ ಗೊತ್ತಾಗಿದೆ. ತಾಯಿ ಅಡಿಗೆಮನೆಯ ಬಾಗಿಲನ್ನು ಎಳೆದುಕೊಂಡು, ಕೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ರೊಟ್ಟಿ ತಟ್ಟುತ್ತಾಳೆ. ಈ ವಾರದ ಪಾಠ ನಡಿಗೆಯದು: ಮೊದಲ ಎರಡು ದಿನ ಬೇವಿನ ಮರದವರೆಗೆ, ಮೂರನೆಯ ದಿನ ನಲ್ಲಿಯವರೆಗೆ, ನೋವು ಹೆಚ್ಚಿದ ದಿನವೂ ಅಷ್ಟೇ, ಕಡಿಮೆಯಿದ್ದ ದಿನವೂ ಅಷ್ಟೇ. ನಿನ್ನೆ ಅವಳು ನಲ್ಲಿಯನ್ನು ದಾಟಿ ಹೋಗಿ, ಇವತ್ತು ಮಧ್ಯಾಹ್ನದವರೆಗೆ ಮಲಗಿದ್ದಳು. ಅದನ್ನು ಬರೆಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಬರೆಯಲಾರಂಭಿಸುತ್ತಾಳೆ.