ಕರ್ನೆಲ್‌ಗೆ ಕನ್ನಡ ಬೇಡ!

ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ :-)

ಲಿನಕ್ಸ್ ಬಳಸುವ ಕನ್ನಡಿಗರದ್ದು ಒಂದು ಹಳೇ ದೂರಿದೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಆ ಕಪ್ಪು ಪರದೆಗೆ ಹೋದರೆ ಕನ್ನಡ ಮಾಯ. ನನ್ನ ಗಣಕದಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ಮೂರು ಫೋಲ್ಡರ್ ಇವೆ. ಡೆಸ್ಕ್‌ಟಾಪಿನಲ್ಲಿ ಮುದ್ದಾಗಿ ಕಾಣುವ ಹೆಸರುಗಳು ಕಪ್ಪು ಪರದೆಯಲ್ಲಿ ಬರೀ ಡಬ್ಬಿಗಳ ಸಾಲು. ನಮ್ಮ ಕಡೆಯ ಗೆಳೆಯರೊಬ್ಬರು ಇದನ್ನು ನೋಡಿ ಕೆಂಡವಾದರು. "ಅದೇನ್ರೀ, ಕರ್ನೆಲ್‌ನಾಗ ಕನ್ನಡ ಯಾಕ ಇಲ್ಲ? ಹೋರಾಟ ಮಾಡಿ ಹಾಕಿಸ್ಬೇಕ್ರಿ!"

ನಾನು ಹೇಳುವುದು, ಹಾಕಲೇಬಾರದು. ಹೋರಾಟ ಮಾಡುವುದಿದ್ದರೆ ಹಾಕದ ಹಾಗೆ ಮಾಡಬೇಕು.

ಕರ್ನೆಲ್ ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಮೆಮೊರಿ ಹಂಚುವುದು, ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು ಪ್ರೊಸೆಸರ್ ಅಂತ ಸರದಿ ಹಾಕುವುದು, ಡಿಸ್ಕಿನ ಜೊತೆ ಮಾತಾಡುವುದು ಅದರ ಕೆಲಸ. ಉಳಿದದ್ದೆಲ್ಲ ಹೊರಗೆ, ಯೂಸರ್ ಸ್ಪೇಸ್‌ನಲ್ಲಿ. ಹೊರಗಿನ ತಂತ್ರಾಂಶ ಕೆಟ್ಟರೆ ಅದೊಂದು ಮುಚ್ಚಿಕೊಳ್ಳುತ್ತದೆ, ಒಳಗಿನದು ಕೆಟ್ಟರೆ ಇಡೀ ಗಣಕ ಮಲಗುತ್ತದೆ. ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಗದ್ದೆಯ ಬದು ಒಡೆದರೆ ಅವರಿಗೆ, ಹೆಚ್ಚೆಂದರೆ ಪಕ್ಕದವರಿಗೆ ತೊಂದರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾದಾಗ ಎಡದಂಡೆ ಕಾಲುವೆಯನ್ನು ನಂಬಿದ ಊರೂರೇ ನಿದ್ದೆಗೆಟ್ಟವು. ಅದಕ್ಕೆ ಮೂರು ವಾರ ಮುಂಚೆ, ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಮಲಗಿಸಿತ್ತು. ಕಾರಣ ಒಂದೇ ಒಂದು ಕೆಟ್ಟ ಕಡತ. ಅದನ್ನು ಓದುತ್ತಿದ್ದ ಡ್ರೈವರ್ ಕೂತದ್ದು ಕರ್ನೆಲ್ ಒಳಗೆ, ಅಷ್ಟೇ.

ಈಗ ಕನ್ನಡಕ್ಕೆ ಬರೋಣ. "ಮಸ್ಕಿ" ಅಂತ ಟೈಪ್ ಮಾಡಿ ನೋಡಿ. ಯುನಿಕೋಡಿನಲ್ಲಿ ಅದು ಮ, ಸ, ವಿರಾಮ, ಕ, ಕೊನೆಗೆ ಗುಡಿಸು, ಒಟ್ಟು ಐದು ಸಂಕೇತ. ಆದರೆ ಪರದೆ ಮೇಲೆ ಏನಾಗುತ್ತದೆ? ಕೊನೆಗೆ ಬಂದ ಗುಡಿಸು ಕಕಾರವನ್ನು ಬಿಟ್ಟು ಸಕಾರದ ತಲೆಗೆ ಏರುತ್ತದೆ, ಕಕಾರ ಒತ್ತಾಗಿ ಕೆಳಗಿಳಿಯುತ್ತದೆ. ಈ ಹತ್ತಿಸುವ ಇಳಿಸುವ ಕೆಲಸವನ್ನು ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಮಾಡುವುದು ಹಾರ್ಫ್‌ಬಜ್ ಅನ್ನುವ ಲೈಬ್ರರಿ, ಕರ್ನೆಲ್ಲಿನ ಹೊರಗೆ ಕೂತು. ಕರ್ನೆಲ್ಲಿಗೆ ಮಸ್ಕಿ ಅಂದರೆ ಬರೀ 15 ಬೈಟ್. ಅದಕ್ಕೆ ಒತ್ತೂ ಗೊತ್ತಿಲ್ಲ, ಗುಡಿಸೂ ಗೊತ್ತಿಲ್ಲ. ಕೊಟ್ಟ 15 ಬೈಟನ್ನು ಹಾಗೇ ಇಟ್ಟು ಹಾಗೇ ವಾಪಸ್ ಕೊಡುತ್ತದೆ. ನಮಗೆ ಅದರಿಂದ ಬೇಕಾದ್ದೂ ಅಷ್ಟೇ ಅಲ್ವಾ?

ಕಪ್ಪು ಪರದೆಗೆ ಮಾತ್ರ ಅಕ್ಷರ ಬರೆಯುವುದು ಸ್ವತಃ ಕರ್ನೆಲ್. ಒಂದು ಮನೆಗೆ ಒಂದು ಆಕಾರ, ಒಟ್ಟು ಹೆಚ್ಚೆಂದರೆ 512 ಆಕಾರ, ಇದು ಅದರ ಲೆಕ್ಕ. ಇಲ್ಲಿ ಒತ್ತಕ್ಷರ ಬರಬೇಕಾದರೆ ಹಾರ್ಫ್‌ಬಜ್ ಮಾಡುವ ಕೆಲಸವನ್ನು, ಫಾಂಟ್ ಕಡತ ಓದುವುದನ್ನೂ ಸೇರಿಸಿ, ಕರ್ನೆಲ್ ಒಳಗೆ ತುರುಕಬೇಕು. ಫಾಂಟ್ ಅಂದರೆ ಬರೀ ಚಿತ್ರಗಳ ಕಟ್ಟು ಅಂದುಕೊಳ್ಳಬೇಡಿ. ಟ್ರೂಟೈಪ್ ಫಾಂಟಿನೊಳಗೆ ಓಡಿಸಬಹುದಾದ ಸಣ್ಣ ಸಣ್ಣ ಆದೇಶಗಳೇ ಇರುತ್ತವೆ.

ಇದನ್ನು ಮಾಡಿ ಕೈ ಸುಟ್ಟುಕೊಂಡವರೂ ಇದ್ದಾರೆ. 1996ರಲ್ಲಿ ವಿಂಡೋಸ್ ಎನ್‌ಟಿ 4.0 ಬಂದಾಗ ವೇಗದ ಆಸೆಗೆ ಮೈಕ್ರೋಸಾಫ್ಟ್ ಗ್ರಾಫಿಕ್ಸ್ ಕೆಲಸವನ್ನು ಕರ್ನೆಲ್ ಒಳಗೆ ತಂದಿತು, ಫಾಂಟ್ ಓದುವುದೂ ಒಳಗೇ ಆಯಿತು. 2011ರಲ್ಲಿ ಡುಕು ಎಂಬ ಕುತಂತ್ರಾಂಶ ಒಂದು ವರ್ಡ್ ಕಡತದಲ್ಲಿ ಕೆಟ್ಟ ಫಾಂಟ್ ಅಡಗಿಸಿಟ್ಟು ಸೀದಾ ಕರ್ನೆಲ್ಲಿಗೇ ನುಗ್ಗಿತು. 2015ರ ಜುಲೈನಲ್ಲಿ ಮತ್ತೊಂದು ಫಾಂಟ್ ತೂತು, ತಿಂಗಳ ಸರದಿಗೂ ಕಾಯದೆ ತುರ್ತು ತೇಪೆ. ಕೊನೆಗೆ ವಿಂಡೋಸ್ 10ರ ಕಾಲಕ್ಕೆ ಫಾಂಟ್ ಓದುವ ಕೆಲಸವನ್ನು ಮತ್ತೆ ಹೊರಗಟ್ಟಿದರು. ಇಪ್ಪತ್ತು ವರ್ಷ ಬೇಕಾಯಿತು ನೋಡಿ.

"ಲಿನಕ್ಸ್‌ನವರು ಜಾಣರು, ಸರಿಯಾಗಿ ಬರೀತಾರೆ" ಅನ್ನುತ್ತೀರಾ? ಆ ಕಪ್ಪು ಪರದೆಯಲ್ಲಿ ಮೇಲಕ್ಕೆ ಹೋದ ಸಾಲುಗಳನ್ನು ಹಿಂದೆ ಸರಿಸಿ ನೋಡುವ ಸೌಲಭ್ಯ ಇತ್ತು. 2020ರಲ್ಲಿ, 5.9ನೇ ಆವೃತ್ತಿಯಲ್ಲಿ ಅದನ್ನೇ ಕಿತ್ತುಹಾಕಿದರು. ಅದರಲ್ಲೊಂದು ಭದ್ರತಾ ದೋಷವಿತ್ತು, ಸರಿಪಡಿಸಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಇಂಗ್ಲಿಷ್ ಸಾಲುಗಳನ್ನು ಸರಿಸುವುದಕ್ಕೇ ಗತಿಯಿಲ್ಲದ ಕಡೆ ನಮ್ಮ ಒತ್ತು, ರೇಫ, ದೀರ್ಘಗಳನ್ನು ಯಾರು ಸಾಕುತ್ತಾರೆ ಸ್ವಾಮಿ? ನಮ್ಮ ಲಿಪಿಯೂ ನಿಂತ ನೀರಲ್ಲ. 2021ರ ಯುನಿಕೋಡ್ 14ರಲ್ಲಿ ಹಳಗನ್ನಡದ ನಕಾರ ಪೊಲ್ಲು ಹೊಸದಾಗಿ ಸೇರಿತು. ಹೊರಗಾದರೆ ಫಾಂಟ್, ಲೈಬ್ರರಿ ಬದಲಿಸಿದರೆ ಮುಗಿಯಿತು. ಒಳಗಿದ್ದರೆ ಒಂದು ಅಕ್ಷರಕ್ಕಾಗಿ ಹೊಸ ಕರ್ನೆಲ್ಲೇ ಬೇಕು.

ಹಾಗಂತ ನಾನು ತನೆನ್‌ಬಾಮ್ ಪಂಥದವನಲ್ಲ. 1992ರಲ್ಲಿ ಅವರು "ಎಲ್ಲವನ್ನೂ ಹೊರಗಿಡಿ" ಅಂತ ಟೋರ್ವಾಲ್ಡ್ಸ್ ಜೊತೆ ಜಗಳಕ್ಕೆ ನಿಂತಿದ್ದು ಗೊತ್ತಲ್ಲ. ಎನ್‌ಟಿಎಫ್‌ಎಸ್ ಡಿಸ್ಕಿಗೆ ಬರೆಯಲು ಲಿನಕ್ಸ್‌ನಲ್ಲಿ ಬಹಳ ವರ್ಷ ಹೊರಗಿನ ಡ್ರೈವರನ್ನೇ ನಂಬಿದ್ದೆವು, 2021ರಲ್ಲಿ ಅದಕ್ಕೊಂದು ಒಳಗಿನ ಡ್ರೈವರ್ ಬಂತು. ನನ್ನ ತಕರಾರಿಲ್ಲ. ಡಿಸ್ಕಿನ ವೇಗಕ್ಕೆ ಅರ್ಥವಿದೆ. ಮಸ್ಕಿ ಅನ್ನುವ ಮೂರಕ್ಷರವೂ ಇಲ್ಲದ ಹೆಸರು ಬರೆಯಲು ಎಂಥಾ ವೇಗ ರೀ?

ಕಪ್ಪು ಪರದೆಯಲ್ಲೂ ಕನ್ನಡ ಬೇಕು ಅನ್ನುವವರಿಗೆ ದಾರಿ ಇದೆ. ಕೆಎಂಎಸ್‌ಕಾನ್ ಅಂತ ಒಂದು ಕನ್ಸೋಲ್, ಯೂಸರ್ ಸ್ಪೇಸ್‌ನಲ್ಲೇ ಓಡುತ್ತದೆ. ಅಕ್ಷರ ಮೂಡಿಸಲು ಡೆಸ್ಕ್‌ಟಾಪಿನ ಪ್ಯಾಂಗೋ ಲೈಬ್ರರಿಯನ್ನೇ ಬಳಸಬಲ್ಲದು. ಹಾಕಿಕೊಂಡು ನೋಡಿ, ಒತ್ತು ಎಲ್ಲಿ ಮುರಿಯುತ್ತದೋ ಅಲ್ಲಿಗೆ ದೂರು ಬರೆಯಿರಿ.